ಚಿಕ್ಕೋಡಿ ಸೀಮೆಯ ಕಾಡು ಅಣಬೆ: ಗುರುತು ಮತ್ತು ಸುರಕ್ಷಿತ ಸಂಗ್ರಹ

ಮುಂಗಾರು ಮಳೆ ನೆಲವನ್ನು ಆಳವಾಗಿ ನೆನೆಸಿದ ಮೇಲೆ ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಬದು, ಗಾಯರಾಣ (ಗೋಮಾಳ), ಹುತ್ತ, ತಿಪ್ಪೆಗಳಲ್ಲಿ ಅಣಬೆಗಳು ಏಳುತ್ತವೆ. ಊರವರ ಬಾಯಲ್ಲಿ ಇವು ‘ಅಣಬಿ’, ‘ನಾಯಿಛತ್ರಿ’. ಇವುಗಳಲ್ಲಿ ಕೆಲವು ರುಚಿಕರ ಆಹಾರ, ಬಹುಪಾಲು ನಿರುಪಯುಕ್ತ, ಕೆಲವು ವಿಷಕಾರಿ. ವಿಷವನ್ನು ಪತ್ತೆ ಮಾಡುವ ಸುಲಭ ಪರೀಕ್ಷೆ ಯಾವುದೂ ಇಲ್ಲ. ಒಂದು ಜಾತಿಯನ್ನು ಬುಡದಿಂದ ತುದಿಯವರೆಗೆ ಸಂಪೂರ್ಣವಾಗಿ ಅರಿತು, ಅದೊಂದನ್ನೇ ಕೀಳುವುದು ಸುರಕ್ಷಿತ ಸಂಗ್ರಹದ ಏಕೈಕ ಮಾರ್ಗ. ಈ ಸೀಮೆಯ ಮಟ್ಟಿಗೆ ಆ ಒಂದು ಜಾತಿ ಹುತ್ತದ ಅಣಬೆ.

ಅಣಬೆಯ ಸ್ವರೂಪ

ಅಣಬೆ ಸಸ್ಯವಲ್ಲ, ಪ್ರಾಣಿಯೂ ಅಲ್ಲ. ಅದು ಶಿಲೀಂಧ್ರ ಎಂಬ ಪ್ರತ್ಯೇಕ ಜೀವಿವರ್ಗದ ಫಲಾಂಗ. ಮಣ್ಣಿನಲ್ಲಿ, ಕೊಳೆಯುವ ಮರದಲ್ಲಿ ಅಥವಾ ಗೊಬ್ಬರದಲ್ಲಿ ನೂಲಿಗಿಂತ ಸೂಕ್ಷ್ಮವಾದ ಎಳೆಗಳ ಜಾಲವಾಗಿ ಹರಡಿರುವುದೇ ಶಿಲೀಂಧ್ರದ ಮೂಲದೇಹ. ಇದಕ್ಕೆ ಕವಕಜಾಲ ಎಂದು ಹೆಸರು. ಇದರಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳಲಾರದು. ಸತ್ತ ಸಸ್ಯಭಾಗಗಳನ್ನು ಕರಗಿಸಿ ಹೀರಿಕೊಂಡು ಅಥವಾ ಬೇರೆ ಜೀವಿಗಳೊಡನೆ ಸಹಜೀವನ ನಡೆಸಿ ಬದುಕುತ್ತದೆ. ತೇವ ಮತ್ತು ಉಷ್ಣತೆ ಹೊಂದಿಕೊಂಡಾಗ ಕವಕಜಾಲ ನೆಲದ ಮೇಲೆ ಅಣಬೆಯನ್ನು ಮೂಡಿಸಿ, ಅದರಿಂದ ಬೀಜಕಗಳನ್ನು ಗಾಳಿಗೆ ಬಿಡುತ್ತದೆ. ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ. ಗುಡುಗಿನ ಜತೆಗೆ ಬರುವ ಮಳೆಯ ತೇವವೇ ಇಲ್ಲಿ ಮುಖ್ಯ ಕಾರಣ.

ಗುರುತಿಸುವ ಕೆಲಸಕ್ಕೆ ಅಣಬೆಯ ಆರು ಭಾಗಗಳ ಪರಿಚಯ ಸಾಕು. ಮೇಲಿನದು ಟೋಪಿ. ಟೋಪಿಯ ಅಡಿಯಲ್ಲಿ ತೆಳ್ಳಗೆ ಒತ್ತಾಗಿ ನಿಂತ ಹಾಳೆಗಳು ಕಿವಿರುಗಳು. ಬೀಜಕಗಳು ಹುಟ್ಟುವುದು ಇವುಗಳ ಮೇಲೆ. ಟೋಪಿಯನ್ನು ಹೊತ್ತಿರುವುದು ದಂಟು. ಕೆಲವು ಅಣಬೆಗಳ ದಂಟಿನ ಸುತ್ತ ಪೊರೆಯಂಥ ಉಂಗುರ ಇರುತ್ತದೆ. ಕೆಲವುಗಳ ಬುಡದಲ್ಲಿ, ಬಹುತೇಕ ಮಣ್ಣಿನೊಳಗೆ ಅಡಗಿರುವಂತೆ, ಒಂದು ಚೀಲ ಇರುತ್ತದೆ. ಆರನೆಯದು ಬೀಜಕಗಳ ಬಣ್ಣ. ಅದು ಬರಿಗಣ್ಣಿಗೆ ನೇರವಾಗಿ ಕಾಣುವುದಿಲ್ಲ, ಮುದ್ರೆ ತೆಗೆದು ನೋಡಬೇಕು.

ನೆಲ, ಮಳೆ, ಜನ

ಈ ಐದು ತಾಲೂಕುಗಳು ಅಣಬೆಗೆ ಹೆಸರಾದ ಮಲೆನಾಡಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ ಬರುವ ವೇದಗಂಗಾ ಮತ್ತು ದೂಧಗಂಗಾ ನದಿಗಳು ನಿಪ್ಪಾಣಿ–ಚಿಕ್ಕೋಡಿ ಭಾಗವನ್ನು ಹಾದು ಕೃಷ್ಣೆಯನ್ನು ಸೇರುತ್ತವೆ. ಪಶ್ಚಿಮದಲ್ಲಿ, ತವಂದಿ ಘಾಟಿನ ಗುಡ್ಡಗಳ ಸುತ್ತ, ಮಳೆ ಒಂದಿಷ್ಟು ಹೆಚ್ಚು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ. ಅಥಣಿಯ ಪೂರ್ವಭಾಗ ಸಂಪೂರ್ಣ ಮಳೆನೆರಳಿನ ನಾಡು. ನದಿತೀರದ ಎರೆಭೂಮಿಯಲ್ಲಿ ಕಬ್ಬು, ನಿಪ್ಪಾಣಿಯ ಕಡೆ ತಂಬಾಕು ಮತ್ತು ಸೋಯಾ, ಅಥಣಿಯ ಕಡೆ ದ್ರಾಕ್ಷಿ ಹಾಗೂ ಜೋಳ ಬೆಳೆಯುತ್ತವೆ. ಉಳುಮೆ ಕಾಣದ ಮಡ್ಡಿ ನೆಲ, ಹಳೆಯ ಬದು, ದೇವಸ್ಥಾನದ ಬನ, ಗಾಯರಾಣ ಇವೇ ಹುತ್ತಗಳು ಉಳಿದುಕೊಂಡಿರುವ ತಾಣಗಳು. ಹುತ್ತದ ಅಣಬೆ ಸಿಗುವುದೂ ಅಲ್ಲಿಯೇ.

ಕಬ್ಬಿನ ನಾಡಾದ್ದರಿಂದ ಇಲ್ಲಿ ಇನ್ನೊಂದು ಬಗೆಯ ಅಣಬೆಗಳಿಗೂ ಆಹಾರ ಹೇರಳ. ಹೊಲದಲ್ಲಿ ಬಿದ್ದ ರವದಿ, ಸಕ್ಕರೆ ಕಾರ್ಖಾನೆಗಳ ಸಿಪ್ಪೆಯ ರಾಶಿ, ಮನೆ ಹಿಂದಿನ ತಿಪ್ಪೆ, ನೆನೆದ ಬಣವೆ ಇವುಗಳ ಮೇಲೆ ಮಳೆಗಾಲದಲ್ಲಿ ಕೊಳೆತಿನಿಗಳಾದ ಹಲವು ಅಣಬೆಗಳು ಒಂದೇ ರಾತ್ರಿಯಲ್ಲಿ ಏಳುತ್ತವೆ. ಕಣ್ಣಿಗೆ ಬೀಳುವುದು ಹೆಚ್ಚಾಗಿ ಇವೇ, ತಪ್ಪಾಗುವುದೂ ಇವುಗಳಲ್ಲಿಯೇ.

ಅಣಬೆ ಕೀಳುವ ಸಂಪ್ರದಾಯ ಈ ಸೀಮೆಯಲ್ಲಿ ಎಲ್ಲ ಮನೆಗಳದ್ದೂ ಅಲ್ಲ. ಇಲ್ಲಿ ಜೈನ ರೈತ ಕುಟುಂಬಗಳು ಬಹಳ. ಜೈನ ಆಹಾರಕ್ರಮದಲ್ಲಿ ಅಣಬೆ ವರ್ಜ್ಯ. ಅನೇಕ ಲಿಂಗಾಯತ ಮನೆಗಳಲ್ಲೂ ಅದು ಒಲೆ ಹತ್ತುವುದಿಲ್ಲ. ಹೀಗಾಗಿ ಈ ಜ್ಞಾನ ಕುರಿ, ದನ ಕಾಯುವವರಲ್ಲಿ ಮತ್ತು ಕಳೆ ತೆಗೆಯಲು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಉಳಿದಿದೆ. ಯಾವ ಹುತ್ತದ ಮಗ್ಗುಲಲ್ಲಿ ಯಾವ ಮಳೆಗೆ ಅಣಬೆ ಏಳುತ್ತದೆ ಎಂಬುದು ಅವರಿಗೆ ನೆನಪಿರುತ್ತದೆ. ಹುತ್ತದ ಅಣಬೆ ವರ್ಷವರ್ಷವೂ ಅದೇ ಸ್ಥಳದಲ್ಲಿ ಬರುವ ಕಾರಣ ಈ ನೆನಪು ಯಾವ ಪುಸ್ತಕಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು.

ಹುತ್ತದೊಳಗಿನ ಕೃಷಿ

ಹುತ್ತದ ಅಣಬೆಯ ವೈಜ್ಞಾನಿಕ ಕುಲನಾಮ ಟರ್ಮಿಟೋಮೈಸಿಸ್. ಫ್ರೆಂಚ್ ಶಿಲೀಂಧ್ರವಿಜ್ಞಾನಿ ರೋಜೆ ಐಮ್ 1942ರಲ್ಲಿ ಈ ಕುಲವನ್ನು ಹೆಸರಿಸಿದರು. ದಕ್ಷಿಣ ಭಾರತದಲ್ಲಿ ಕಾಣುವ ಒಂದು ಪ್ರಮುಖ ಪ್ರಭೇದವನ್ನು ಕೆ. ನಟರಾಜನ್ 1979ರಲ್ಲಿ ವಿವರಿಸಿ, ಅದಕ್ಕೆ ಐಮ್ ಅವರ ಹೆಸರನ್ನೇ ಇಟ್ಟರು. ಆಫ್ರಿಕಾ ಮತ್ತು ಏಷ್ಯಾದ ಉಷ್ಣವಲಯದಲ್ಲಿ ಮಾತ್ರ ಈ ಕುಲ ಕಾಣಿಸುತ್ತದೆ. ಜಾಂಬಿಯಾದಲ್ಲಿ ಬೆಳೆಯುವ ಒಂದು ಪ್ರಭೇದದ ಟೋಪಿ 1 ಮೀಟರಿನವರೆಗೂ ಅಗಲವಾಗಬಲ್ಲದು.

ಈ ಅಣಬೆಯನ್ನು ಬೆಳೆಸುವುದು ಗೆದ್ದಲು. ನಮ್ಮ ಬಯಲುನಾಡಿನಲ್ಲಿ ಎತ್ತರದ ಮಣ್ಣಿನ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಜಾತಿಯ ಗೆದ್ದಲುಗಳಿಗೆ ಕಟ್ಟಿಗೆ ಮತ್ತು ಒಣಹುಲ್ಲಿನ ಗಟ್ಟಿ ಅಂಶವನ್ನು ತಾವಾಗಿ ಪೂರ್ಣ ಜೀರ್ಣಿಸಿಕೊಳ್ಳುವ ಶಕ್ತಿ ಇಲ್ಲ. ಕೆಲಸಗಾರ ಗೆದ್ದಲುಗಳು ಅದನ್ನು ಅಗಿದು, ಹೊಟ್ಟೆಯ ಮೂಲಕ ಹಾಯಿಸಿ, ಹುತ್ತದ ಕೋಣೆಗಳಲ್ಲಿ ಜೇನುಹುಟ್ಟಿನಂತೆ ಮಡಿಕೆಮಡಿಕೆಯಾದ ತಟ್ಟಿಯಾಗಿ ಕಟ್ಟುತ್ತವೆ. ಈ ತಟ್ಟಿಯ ಮೇಲೆ ಶಿಲೀಂಧ್ರ ಬೆಳೆದು ಗಟ್ಟಿ ಅಂಶವನ್ನು ಒಡೆಯುತ್ತದೆ. ಅದರ ಮೇಲೆ ಮೂಡುವ ಸಾಸಿವೆಗಿಂತ ಚಿಕ್ಕ ಬಿಳಿ ಉಂಡೆಗಳನ್ನೂ ಹಳೆಯ ತಟ್ಟಿಯನ್ನೂ ಗೆದ್ದಲು ತಿನ್ನುತ್ತದೆ. ಗೆದ್ದಲು ಮತ್ತು ಶಿಲೀಂಧ್ರದ ಈ ಒಪ್ಪಂದ ಸುಮಾರು 3 ಕೋಟಿ ವರ್ಷ ಹಳೆಯದು. ಮನುಷ್ಯ ಬೇಸಾಯ ಕಲಿತು ಹತ್ತು ಸಾವಿರ ವರ್ಷವಾಗಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಮುಂಗಾರಿನ ಆರಂಭದ ಮಳೆಗೆ ರೆಕ್ಕೆಯ ಗೆದ್ದಲುಗಳು ಹುತ್ತದಿಂದ ಹಾರಿಹೋಗಿ ಹೊಸ ನೆಲೆ ಹೂಡುತ್ತವೆ. ಆ ನೆಲೆಗಳಲ್ಲಿ ಮೊದಲ ಕೆಲಸಗಾರರು ಹುಟ್ಟಿ ಆಹಾರ ಹುಡುಕಲು ಹೊರಬರುವ ಹೊತ್ತಿಗೆ, ಹಳೆಯ ಹುತ್ತಗಳ ತಟ್ಟಿಗಳಿಂದ ಅಣಬೆಗಳು ನೆಲವನ್ನು ಸೀಳಿಕೊಂಡು ಮೇಲೇಳುತ್ತವೆ. ಅವುಗಳಿಂದ ಉದುರಿದ ಬೀಜಕಗಳನ್ನು ಹೊಸ ಗೆದ್ದಲುಗಳು ಆಹಾರದೊಡನೆ ಒಯ್ದು ತಮ್ಮ ತೋಟಕ್ಕೆ ಬಿತ್ತಿಕೊಳ್ಳುತ್ತವೆ. ಹೆಚ್ಚಿನ ಪ್ರಭೇದಗಳಲ್ಲಿ ಈ ಕ್ರಮವೇ ನಡೆಯುತ್ತದೆ. ಆದ್ದರಿಂದ ಒಂದು ಹುತ್ತದ ಎಲ್ಲ ಅಣಬೆಗಳನ್ನೂ ಅರಳುವ ಮೊದಲೇ ಕಿತ್ತರೆ, ಸುತ್ತಲಿನ ಹೊಸ ಹುತ್ತಗಳಿಗೆ ಬಿತ್ತನೆಯೇ ಇಲ್ಲವಾಗುತ್ತದೆ. ಗೋವೆಯ ಮಾರುಕಟ್ಟೆಗಳಲ್ಲಿ ಈ ಅಣಬೆಗೆ ಭಾರಿ ಬೆಲೆ ಬರುತ್ತದೆ. ಅಲ್ಲಿನ ಶಿಲೀಂಧ್ರವಿಜ್ಞಾನಿ ನಂದಕುಮಾರ ಕಾಮತ್ ಮಿತಿಮೀರಿದ ಸಂಗ್ರಹದ ವಿರುದ್ಧ ಬಹುಕಾಲದಿಂದ ಎಚ್ಚರಿಸುತ್ತ ಬಂದಿದ್ದಾರೆ.

ಹುತ್ತದ ಅಣಬೆಯನ್ನು ಗುರುತಿಸುವ ಕ್ರಮ

ಮೊಗ್ಗಿನ ಸ್ಥಿತಿಯಲ್ಲಿ ಇದರ ಟೋಪಿ ಮೊನಚಾದ ತಲೆಯುಳ್ಳದ್ದು. ಗಟ್ಟಿ ಮಣ್ಣನ್ನು ತೂರಿಕೊಂಡು ಬರಲು ಈ ಮೊನೆ ಬೇಕು. ಟೋಪಿ ಬಿಚ್ಚಿ ಚಪ್ಪಟೆಯಾದ ಮೇಲೂ ನಡುವೆ ಗಾಢ ಬಣ್ಣದ ಉಬ್ಬು ಉಳಿಯುತ್ತದೆ. ಟೋಪಿಯ ಬಣ್ಣ ಬಿಳಿ, ಬೂದು ಅಥವಾ ಕಂದು. ಅಂಚು ಅನೇಕ ಬಾರಿ ಸೀಳಿರುತ್ತದೆ. ಕಿವಿರುಗಳು ಒತ್ತಾಗಿದ್ದು, ದಂಟಿಗೆ ಅಂಟದೆ ಬಿಡಿಯಾಗಿರುತ್ತವೆ. ಮೊದಲು ಬಿಳಿ, ಬಲಿತಂತೆ ಮಾಸಲು ಗುಲಾಬಿ. ಕೆಲವು ಪ್ರಭೇದಗಳ ದಂಟಿನಲ್ಲಿ ಉಂಗುರ ಇದೆ, ಕೆಲವುಗಳಲ್ಲಿ ಇಲ್ಲ. ಬುಡದಲ್ಲಿ ಚೀಲ ಮಾತ್ರ ಎಂದಿಗೂ ಇರುವುದಿಲ್ಲ.

ನಿರ್ಣಾಯಕ ಲಕ್ಷಣ ಇರುವುದು ನೆಲದೊಳಗೆ. ದಂಟು ನೆಲಮಟ್ಟದಲ್ಲಿ ಮುಗಿಯದೆ, ಕಿರಿದಾಗುತ್ತ ಬೇರಿನಂತೆ ಕೆಳಗಿಳಿದು ಗೆದ್ದಲಿನ ತಟ್ಟಿಯನ್ನು ತಲಪುತ್ತದೆ. ಇದು ನಿಜವಾದ ಬೇರಲ್ಲ, ದಂಟಿನದೇ ಮುಂದುವರಿಕೆ. ಒಂದು ಅಣಬೆಯನ್ನಾದರೂ ಕುರ್ಪಿಯಿಂದ ನಿಧಾನವಾಗಿ ಅಗೆದು ಈ ಬೇರುದಂಟನ್ನು ಕೊನೆಯವರೆಗೆ ಹಿಂಬಾಲಿಸಿ, ಅದು ತಟ್ಟಿಗೆ ಸೇರುವುದನ್ನು ಕಣ್ಣಾರೆ ಕಾಣಬೇಕು. ಹೂತುಹೋದ ಕಟ್ಟಿಗೆಯಿಂದ ಉದ್ದ ಬೇರುದಂಟಿನೊಡನೆ ಏಳುವ ಬೇರೆ ಅಣಬೆಗಳೂ ಉಂಟು. ಹೀಗಾಗಿ ಬೇರುದಂಟು ಇದೆ ಎಂಬುದಷ್ಟೇ ಸಾಕಾಗದು. ಪರೀಕ್ಷೆ ಮುಗಿದ ಕೂಡಲೇ ಮಣ್ಣನ್ನು ಮತ್ತೆ ಮುಚ್ಚಬೇಕು. ತಟ್ಟಿ ಒಡೆದರೆ ಮುಂದಿನ ವರ್ಷದ ಫಸಲೂ ಹೋಗುತ್ತದೆ. ಅಣಬೆಯ ಕಾಲ ನಾಗರ ಪಂಚಮಿಯ ಆಸುಪಾಸಿನ ಕಾಲವೇ ಆಗಿದೆ. ಹುತ್ತಕ್ಕೆ ಹಾಲೆರೆಯುವ ಜನ ಹುತ್ತವನ್ನು ಅಗೆಯಲು ಹಿಂಜರಿಯುವುದು ಅಣಬೆಗೂ ಒಳ್ಳೆಯದೇ ಆಗಿದೆ. ಹುತ್ತದ ಬಿಲದೊಳಗೆ ಬರಿಗೈ ಹಾಕುವುದಂತೂ ಸಲ್ಲದು; ಮಳೆಗಾಲದಲ್ಲಿ ಅಲ್ಲಿ ಹಾವಿರಬಹುದು.

ಕೊನೆಯ ಖಚಿತತೆಗೆ ಬೀಜಕ ಮುದ್ರೆ ತೆಗೆಯಬೇಕು. ಬಿಚ್ಚಿದ ಟೋಪಿಯೊಂದನ್ನು ದಂಟಿನಿಂದ ಬೇರ್ಪಡಿಸಿ, ಕಿವಿರು ಕೆಳಗಾಗುವಂತೆ ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ಒಂದು ರಾತ್ರಿ ಬಿಡಬೇಕು. ಕಾಗದದ ಅರ್ಧ ಬಿಳಿ, ಅರ್ಧ ಕಪ್ಪು ಇದ್ದರೆ ತಿಳಿಬಣ್ಣವೂ ಕಾಣುತ್ತದೆ. ಹುತ್ತದ ಅಣಬೆಯ ಮುದ್ರೆ ಗುಲಾಬಿ ಛಾಯೆಯ ಕೆನೆಬಣ್ಣದ್ದು. ಹಸಿರು, ಕಪ್ಪು ಅಥವಾ ಕಂದು ಮುದ್ರೆ ಬಂದರೆ ಅದು ಹುತ್ತದ ಅಣಬೆ ಅಲ್ಲ.

ಇದೇ ಕುಲದ ಅಕ್ಕಿ ಅಣಬೆ ಒಂದೆರಡು ಸೆಂಟಿಮೀಟರ್ ಅಗಲದ ಟೋಪಿಯುಳ್ಳದ್ದು. ನೂರಾರು ಒಟ್ಟಿಗೆ ನೆಲ ಮುಚ್ಚುವಂತೆ ಏಳುತ್ತವೆ. ಗೆದ್ದಲು ಹೊರಹಾಕಿದ ತಟ್ಟಿಯ ಚೂರುಗಳ ಮೇಲೆ ಬೆಳೆಯುವ ಕಾರಣ ಇದಕ್ಕೆ ಆಳವಾದ ಬೇರುದಂಟು ಇರುವುದಿಲ್ಲ. ತಿನ್ನಲು ರುಚಿಯಾದರೂ ಸಣ್ಣ ಬಿಳಿ ಅಣಬೆಗಳಲ್ಲಿ ವಿಷದವೂ ಇರುವುದರಿಂದ, ಹೊಸಬರು ಇದನ್ನು ಬಿಟ್ಟುಬಿಡುವುದೇ ಸರಿ. ಒಣನೆಲದ ಹುತ್ತಗಳ ಮೇಲೆ ಬಡಿಗೆಯಂತೆ ನೆಟ್ಟಗೆ ನಿಂತು ಟೋಪಿ ಬಿಚ್ಚದೆಯೇ ಒಣಗುವ ಪೊಡಾಕ್ಸಿಸ್ ಎಂಬ ಅಣಬೆ ಬೇರೆಯೇ ಜಾತಿ. ರಾಜಸ್ಥಾನದಲ್ಲಿ ಅದನ್ನು ಎಳೆಯದಾಗಿದ್ದಾಗ ತಿನ್ನುತ್ತಾರೆ. ಬಲಿತದ್ದರ ಒಳಗೆ ಕಪ್ಪು ಪುಡಿ ತುಂಬಿರುತ್ತದೆ.

ಹೋಲುವ ವಿಷ ಅಣಬೆಗಳು

ಮೊದಲು ಹೆಸರಿಸಬೇಕಾದದ್ದು ಹಸಿರು ಬೀಜಕದ ಕೊಡೆ ಅಣಬೆ, ಅಂದರೆ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ಹುಲ್ಲುನೆಲ, ಶಾಲೆಯ ಮೈದಾನ, ಬದು, ಗೊಬ್ಬರ ಹಾಕಿದ ತೋಟಗಳಲ್ಲಿ, ಕೆಲವೊಮ್ಮೆ ಹುತ್ತದ ಪಕ್ಕದಲ್ಲಿಯೂ ದೊಡ್ಡದಾಗಿ, ಬಿಳಿಯಾಗಿ, ನೋಡಿದವರಿಗೆ ಆಸೆ ಹುಟ್ಟಿಸುವಂತೆ ಬೆಳೆಯುತ್ತದೆ. ಟೋಪಿಯ ಮೇಲೆ ಕಂದು ಹೊಪ್ಪಳಿಕೆಗಳಿವೆ. ದಂಟಿನ ಮೇಲಿನ ಉಂಗುರವನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಬಹುದು. ದಂಟು ಮಣ್ಣಿನ ಮೇಲ್ಪದರದಲ್ಲೇ ಉಬ್ಬಿದ ಬುಡವಾಗಿ ಮುಗಿಯುತ್ತದೆ, ಬೇರುದಂಟು ಇಲ್ಲ. ಕಿವಿರುಗಳು ಎಳೆಯದರಲ್ಲಿ ಅಚ್ಚಬಿಳಿಯಾಗಿದ್ದು ಬಲಿತಾಗ ಮಾತ್ರ ಹಸಿರಾಗುವುದರಿಂದ, ಎಳೆಯ ಅಣಬೆಯನ್ನು ಕಣ್ಣಂದಾಜಿನಲ್ಲಿ ಗುರುತಿಸುವವರು ಮೋಸಹೋಗುತ್ತಾರೆ. ಮುದ್ರೆಯ ಹಸಿರು ಇದರ ನಿಶ್ಚಿತ ಗುರುತು. ತಿಂದ ಒಂದರಿಂದ ಮೂರು ತಾಸಿನಲ್ಲಿ ತೀವ್ರ ವಾಂತಿ, ಭೇದಿ ಆರಂಭವಾಗುತ್ತದೆ. ಮಕ್ಕಳಲ್ಲಿ ಹಾಗೂ ವೃದ್ಧರಲ್ಲಿ ನೀರಿನಂಶ ಇಳಿದು ಅಪಾಯವಾಗಬಹುದು.

ಪ್ರಾಣಕ್ಕೆ ಎರವಾಗುವ ವಿಷ ಅಮಾಟಾಕ್ಸಿನ್. ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿ ಮಾತ್ರವಲ್ಲ, ಲೆಪಿಯೋಟಾ ಎಂಬ ಸಣ್ಣ ಕೊಡೆ ಅಣಬೆಗಳ ಕೆಲವು ಪ್ರಭೇದಗಳಲ್ಲೂ ಇದಿದೆ. ಅಮಾನಿಟಾ ಕೆಲವು ಮರಗಳ ಬೇರುಗಳೊಡನೆ ಸಹಜೀವನ ನಡೆಸುವಂಥದ್ದು. ಬಯಲಿನ ಕಬ್ಬಿನ ಹೊಲಗಳಲ್ಲಿ ಅದು ವಿರಳ. ಲೆಪಿಯೋಟಾಗಳಿಗೆ ಅಂಥ ಮರದ ಅಗತ್ಯವಿಲ್ಲ. ತೋಟ, ಹುಲ್ಲು, ಎಲೆಗೊಬ್ಬರ ಸಾಕು. ಬಿಳಿ ಕಿವಿರು, ಉಂಗುರ, ಬುಡದಲ್ಲಿ ಚೀಲ ಈ ಮೂರೂ ಒಂದೇ ಅಣಬೆಯಲ್ಲಿ ಕಂಡರೆ ಮುಟ್ಟದೆ ಬಿಡಬೇಕು.

ಬಣವೆಯ ಮೇಲೆ ಬರುವ ಭತ್ತದ ಹುಲ್ಲಿನ ಅಣಬೆ ತಿನ್ನಲು ಯೋಗ್ಯ. ಆದರೆ ಅದರ ಬುಡದಲ್ಲೂ ಚೀಲವಿದ್ದು, ಮೊಟ್ಟೆಯಾಕಾರದ ಮೊಗ್ಗು ಅಮಾನಿಟಾದ ಮೊಗ್ಗಿನಂತೆಯೇ ತೋರುತ್ತದೆ. ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ಹೋಗಿ ನೆಲಸಿದವರು ಈ ಹೋಲಿಕೆಯಿಂದಲೇ ವಿಷದ ಅಮಾನಿಟಾವನ್ನು ತಿಂದು ಸತ್ತ ಉದಾಹರಣೆಗಳಿವೆ. ತಿಪ್ಪೆಯ ಮೇಲೆ ಏಳುವ, ಬಲಿತಂತೆ ಕಪ್ಪು ಮಸಿಯಾಗಿ ಕರಗುವ ಮಸಿ ಅಣಬೆಗಳಲ್ಲಿ ಒಂದು ಬಗೆ ಮದ್ಯದೊಡನೆ ಸೇರಿದರೆ ವಿಷವಾಗುತ್ತದೆ. ಸೆಗಣಿಯ ಮೇಲಿನ ಕೆಲವು ಅಣಬೆಗಳಲ್ಲಿ ಬುದ್ಧಿಭ್ರಮೆ ಉಂಟುಮಾಡುವ ದ್ರವ್ಯಗಳಿವೆ. ನೀಲಗಿರಿ ತೋಪುಗಳಲ್ಲಿ ಸಿಗುವ, ಕತ್ತರಿಸಿದರೆ ಒಳಗೆ ಕಪ್ಪು-ನೇರಳೆ ಬಣ್ಣ ತೋರುವ ದಪ್ಪ ಚರ್ಮದ ಗುಂಡುಗಳೂ ವಿಷಕಾರಿ.

ನಂಬಬಾರದ ಪರೀಕ್ಷೆಗಳು

ಬೆಳ್ಳಿಯ ಚಮಚ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಿಸುತ್ತದೆ, ಹುಳು ತಿಂದ ಅಣಬೆ ಮನುಷ್ಯನಿಗೂ ಸುರಕ್ಷಿತ, ಬಿಳಿಯದು ಒಳ್ಳೆಯದು ಬಣ್ಣದ್ದು ಕೆಟ್ಟದ್ದು, ಅರಿಸಿನ ಹಾಕಿ ಕುದಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳೆಲ್ಲ ಸುಳ್ಳು. ಅಮಾಟಾಕ್ಸಿನ್ ಬೆಳ್ಳಿಯೊಡನೆ ಪ್ರತಿಕ್ರಿಯಿಸುವುದಿಲ್ಲ, ಕುದಿಸಿದರೂ ಒಣಗಿಸಿದರೂ ನಾಶವಾಗುವುದಿಲ್ಲ. ಅತ್ಯಂತ ಮಾರಕ ಅಣಬೆಗಳಲ್ಲಿ ಕೆಲವು ಅಚ್ಚಬಿಳಿಯವೇ. ಅವುಗಳ ರುಚಿ ಹಿತವಾಗಿಯೇ ಇತ್ತು ಎಂದು ತಿಂದು ಬದುಕುಳಿದವರು ಹೇಳಿದ್ದಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಹೆಸರು ಕೇಳುವ ಆ್ಯಪ್‌ಗಳಿಗೆ ನೆಲದೊಳಗಿನ ಬುಡವಾಗಲಿ ಬೀಜಕದ ಬಣ್ಣವಾಗಲಿ ಕಾಣದು. ಊಟದ ನಿರ್ಧಾರವನ್ನು ಅವುಗಳಿಗೆ ಒಪ್ಪಿಸಲಾಗದು.

ಸಂಗ್ರಹ ಮತ್ತು ಅಡುಗೆ

ಅಣಬೆ ತಾನು ಬೆಳೆದ ನೆಲದ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಂಡು ದೇಹದಲ್ಲಿ ಶೇಖರಿಸುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯ ಬದಿ, ಕಾರ್ಖಾನೆಯ ತ್ಯಾಜ್ಯದ ಹಳ್ಳ, ಕಳೆನಾಶಕ ಹೊಡೆದ ಕಬ್ಬಿನ ಹೊಲದ ಬದು, ಔಷಧಿ ಸಿಂಪಡಿಸುವ ದ್ರಾಕ್ಷಿ ಮತ್ತು ತಂಬಾಕಿನ ಹೊಲ ಇವುಗಳಲ್ಲಿ ಬೆಳೆದದ್ದು ಜಾತಿಯಿಂದ ಒಳ್ಳೆಯದಾದರೂ ಕೀಳಬಾರದು. ಗೆದ್ದಲಿಗೆ ಔಷಧಿ ಸುರಿದ ಹುತ್ತಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅರಣ್ಯ ಇಲಾಖೆಯ ಪ್ರದೇಶವಾದರೆ ಮೊದಲು ಅನುಮತಿ ಬೇಕು.

ಬೆಳಗಿನ ಹೊತ್ತು, ಟೋಪಿ ಪೂರ್ಣ ಚಪ್ಪಟೆಯಾಗುವ ಮೊದಲು ಕೀಳುವುದು ರೂಢಿ. ಪ್ರತಿ ಹುತ್ತದಲ್ಲೂ ಕೆಲವನ್ನು ಅರಳಲು ಬಿಡಬೇಕು. ಕೀಳುವಾಗ ಪ್ರತಿಯೊಂದರ ಬುಡವನ್ನೂ ಬೆರಳಿನಷ್ಟು ಆಳಕ್ಕೆ ಬಿಡಿಸಿ ಚೀಲವಿಲ್ಲವೆಂದು ನೋಡಬೇಕು, ಏಕೆಂದರೆ ಒಂದೇ ಗುಂಪಿನ ನಡುವೆ ಬೇರೆ ಜಾತಿಯದು ಸೇರಿರಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವತು ಬೇಗ ಕೊಳೆಯುತ್ತದೆ. ಬುಟ್ಟಿ ಅಥವಾ ಅರಿವೆ ಒಳ್ಳೆಯದು. ಗುರುತು ಸಿಗದ್ದನ್ನು ಅದೇ ಬುಟ್ಟಿಗೆ ಹಾಕಬಾರದು.

ತಾಜಾ ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ ಇರುತ್ತದೆ. ಅದು ಒಂದು ದಿನದೊಳಗೆ ಹಾಳಾಗುವುದರಿಂದ ಸಾಮಾನ್ಯವಾಗಿ ಅಂದೇ ಬೇಯಿಸುತ್ತಾರೆ. ಮುದ್ರೆಗಾಗಿ ಒಂದು ರಾತ್ರಿ ಕಾಯುವುದು ಇದರಿಂದ ಕಷ್ಟವೆನಿಸಬಹುದು. ಹೊಸ ಸ್ಥಳದ ಅಣಬೆಯಾದರೆ ಮೊದಲ ಫಸಲನ್ನು ಮುದ್ರೆಗೇ ಮೀಸಲಿಟ್ಟು, ಮುಂದಿನ ಬಾರಿ ತಿನ್ನುವುದು ಇದಕ್ಕೆ ಸರಿಯಾದ ಪರಿಹಾರ. ಹಸಿಯಾಗಿ ತಿನ್ನದೆ, ಚೆನ್ನಾಗಿ ಬೇಯಿಸಿ, ಮೊದಲ ಸಲ ಸ್ವಲ್ಪವೇ ತಿನ್ನಬೇಕು. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಖಾರ ಹಾಕಿದ ಪಲ್ಯವಾಗಿ ಇದು ಜೋಳದ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ತೊಂದರೆಯಾದರೆ ವೈದ್ಯರಿಗೆ ತೋರಿಸಲು ಬೇಯಿಸದ ಒಂದು ಅಣಬೆಯನ್ನು ಕಾಗದದಲ್ಲಿ ಸುತ್ತಿ ತೆಗೆದಿಡುವುದು ಅನುಭವಿಗಳ ಶಿಸ್ತು.

ಹುತ್ತದ ಅಣಬೆಯನ್ನು ವಾಣಿಜ್ಯವಾಗಿ ಬೆಳೆಸಲು ಸಾಧ್ಯವಾಗಿಲ್ಲ. ಗೆದ್ದಲಿಲ್ಲದೆ ಅದು ಫಲ ಕೊಡುವುದಿಲ್ಲ. ಅಣಬೆಯ ರುಚಿ ಬೇಕು, ಗುರುತಿನ ಗೊಂದಲ ಬೇಡ ಎನ್ನುವವರಿಗೆ ಚಿಪ್ಪಣಬೆ ಮತ್ತು ಹಾಲಣಬೆ ಇವೆ. ಹಾಲಣಬೆ 1974ರಲ್ಲಿ ಪಶ್ಚಿಮ ಬಂಗಾಳದಿಂದ ವರದಿಯಾದ ಭಾರತೀಯ ಜಾತಿ. 30 ಡಿಗ್ರಿ ದಾಟಿದ ಬಿಸಿಯನ್ನೂ ತಾಳುವುದರಿಂದ ಈ ಸೀಮೆಯ ಹವೆಗೆ ಒಗ್ಗುತ್ತದೆ.

ವಿಷಬಾಧೆ ಮತ್ತು ಚಿಕಿತ್ಸೆ

ಬೇಗ ಕಾಣಿಸಿಕೊಂಡ ವಾಂತಿ ಹೆದರಿಸುತ್ತದೆ. ತಡವಾಗಿ ಕಾಣಿಸಿಕೊಂಡದ್ದು ಕೊಲ್ಲುತ್ತದೆ. ಅಮಾಟಾಕ್ಸಿನ್ ತಿಂದ 6 ರಿಂದ 24 ತಾಸುಗಳವರೆಗೆ ಏನೂ ತೋರುವುದಿಲ್ಲ. ಆಮೇಲೆ ಹೊಟ್ಟೆನೋವು, ವಾಂತಿ, ನೀರಿನಂಥ ಭೇದಿ ಒಂದು ದಿನ ಕಾಡಿ ನಿಲ್ಲುತ್ತವೆ. ರೋಗಿ ಚೇತರಿಸಿಕೊಂಡಂತೆ ಎದ್ದು ಕೂರುತ್ತಾನೆ. ಅಷ್ಟರಲ್ಲಿ ವಿಷ ಯಕೃತ್ತಿನ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಕೆಯನ್ನೇ ತಡೆದಿರುತ್ತದೆ. ಮೂರನೆಯ ದಿನದ ಹೊತ್ತಿಗೆ ಕಾಮಾಲೆ, ರಕ್ತಸ್ರಾವ, ಪ್ರಜ್ಞೆ ತಪ್ಪುವುದು ಆರಂಭವಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡು ಅಣಬೆ ತಿಂದು 13 ಜನ ಸತ್ತರು; ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕಾರ್ಮಿಕ ಕುಟುಂಬದವರು.

ಹೀಗಾಗಿ ಅಣಬೆ ತಿಂದ ಮೇಲೆ ಯಾವುದೇ ತೊಂದರೆ ತೋರಿದರೂ, ಮಧ್ಯೆ ಗುಣವಾದಂತೆ ಕಂಡರೂ, ಆಸ್ಪತ್ರೆಗೆ ಹೋಗಲೇಬೇಕು. ಅದೇ ಊಟ ಮಾಡಿದ ಉಳಿದವರನ್ನೂ, ಲಕ್ಷಣ ಇಲ್ಲದಿದ್ದರೂ, ಜತೆಗೆ ಕರೆದೊಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. 108 ಆಂಬುಲೆನ್ಸ್ ಕರೆಯಬಹುದು. ಯಕೃತ್ತಿನ ತೊಂದರೆಗೆ ದೊಡ್ಡ ಆಸ್ಪತ್ರೆಯೇ ಬೇಕಾದ್ದರಿಂದ ಚಿಕ್ಕೋಡಿ, ರಾಯಬಾಗದವರಿಗೆ ಬೆಳಗಾವಿ, ನಿಪ್ಪಾಣಿಯವರಿಗೆ ಕೊಲ್ಹಾಪುರ, ಅಥಣಿ ಮತ್ತು ಕಾಗವಾಡದವರಿಗೆ ಮಿರಜ ಅನುಕೂಲ. ಅಲ್ಲಿ ನೀರಿನಂಶ ತುಂಬುವುದು, ಸಕ್ರಿಯ ಇದ್ದಿಲು, ಅಸಿಟೈಲ್‌ಸಿಸ್ಟೀನ್, ಸಿಲಿಬಿನಿನ್‌ನಂಥ ಔಷಧಗಳಿಂದ ಚಿಕಿತ್ಸೆ ನಡೆಯುತ್ತದೆ. ಕೈಮೀರಿದ ಸ್ಥಿತಿಯಲ್ಲಿ ಯಕೃತ್ತಿನ ಕಸಿಯೊಂದೇ ಉಳಿಯುವ ದಾರಿ. ತಿಂದ ಸಮಯ, ಲಕ್ಷಣ ಆರಂಭವಾದ ಸಮಯ ಮತ್ತು ಅಣಬೆ ಕಿತ್ತ ಸ್ಥಳ ಈ ಮೂರನ್ನು ವೈದ್ಯರಿಗೆ ನಿಖರವಾಗಿ ತಿಳಿಸಬೇಕು. ತೆಗೆದಿಟ್ಟ ಹಸಿ ಅಣಬೆ, ಅದಿಲ್ಲದಿದ್ದರೆ ಉಳಿದ ಪಲ್ಯ ಅಥವಾ ಸೋಸುವಾಗ ಬಿಸಾಕಿದ ಬುಡದ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಒಯ್ದರೆ ವಿಷದ ಬಗೆಯನ್ನು ನಿರ್ಧರಿಸಲು ನೆರವಾಗುತ್ತದೆ.